ಚಿಕ್ಕಂದಿನಲ್ಲಿ ನೋಡಿದ ಸೂಪರ್‌ಹೀರೋ ಸಿನಿಮಾಗಳು ನಿಜಕ್ಕೂ ಅಷ್ಟು ಚೆನ್ನಾಗಿದ್ದವಾ, ಇಲ್ಲ ಅದು ಬರೀ ಹಳೇ ನೆನಪಾ? ಮುಂದೆ ಬರುವುದರಲ್ಲಿ ಯಾವುದಕ್ಕೆ ಕಾಯುತ್ತಿದ್ದೀರಿ?

ನೀವು ಕೇಳಿರುವುದು ಎರಡು ಪ್ರಶ್ನೆ. ನನಗೆ ಮಾತ್ರ ಎರಡೂ ಒಂದೇ ಅನಿಸುತ್ತದೆ. ಹಳೇ ಸಿನಿಮಾಗಳಲ್ಲಿ ಯಾವುದು ಮನಸ್ಸಲ್ಲಿ ಉಳಿಯಿತು, ಯಾಕೆ ಉಳಿಯಿತು ಅಂತ ಗೊತ್ತಾದರೆ, ಹೊಸದರಲ್ಲಿ ಯಾವುದಕ್ಕೆ ಕಾಯಬೇಕು ಅನ್ನೋದೂ ಗೊತ್ತಾಗುತ್ತದೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಎಲ್ಲವೂ ಚೆನ್ನಾಗಿರಲಿಲ್ಲ. ಆದರೆ ಕೆಲವು ನನ್ನ ನೆನಪಿನಲ್ಲಿ ಇದ್ದದ್ದಕ್ಕಿಂತಲೂ ಚೆನ್ನಾಗಿವೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನನ್ನ ಅಕ್ಕನ ಮಗಳಿಗೆ ಈಗ ಒಂಬತ್ತು ವರ್ಷ. ಕೆಲವು ತಿಂಗಳಿಂದ ಶನಿವಾರ ರಾತ್ರಿ ನಾವಿಬ್ಬರೂ ಕೂತು ನನ್ನ ಕಾಲದ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. ಅವಳಿಗೆ ಈ ಸಿನಿಮಾಗಳ ಜೊತೆ ಯಾವ ಹಳೇ ನಂಟೂ ಇಲ್ಲ. ನನಗೆ ಕಣ್ಣು ತುಂಬುವ ಕಡೆ ಅವಳಿಗೆ ಆಕಳಿಕೆ ಬಂದರೆ, ಅಲ್ಲಿ ಕೆಲಸ ಮಾಡಿದ್ದು ಸಿನಿಮಾ ಅಲ್ಲ, ನನ್ನ ನೆನಪು. ಇಬ್ಬರೂ ಉಸಿರು ಬಿಗಿಹಿಡಿದು ಕೂತರೆ ಅದು ಸಿನಿಮಾದ್ದೇ ಶಕ್ತಿ. ನನಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಗೊತ್ತಿಲ್ಲ.

ಸೋತದ್ದು ಮೊದಲು. 1997ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಅಂದರೆ ಚಿಕ್ಕವನಿದ್ದಾಗ ನನಗೆ ಪ್ರಾಣ. ಆ ನೀಲಿ ಬೆಳಕು, ಎಲ್ಲರನ್ನೂ ಹಿಮಗಟ್ಟಿಸುವ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಆ ಗಾಡಿಗಳು! ಈಗ ನೋಡಿದರೆ ಗಾಡಿಗಳು ಬಿಟ್ಟು ಬೇರೇನೂ ಸಿಗಲಿಲ್ಲ. ಮಗು ಅರ್ಧಕ್ಕೇ ಎದ್ದು ಚಿತ್ರ ಬರೆಯೋಕೆ ಹೋಯಿತು. ನನಗೂ ತಡೆಯೋಕೆ ಮನಸ್ಸಾಗಲಿಲ್ಲ.

2002ರ ‘ಸ್ಪೈಡರ್-ಮ್ಯಾನ್’ ಸ್ವಲ್ಪ ಸೋತಿತು, ಜಾಸ್ತಿ ಗೆದ್ದಿತು. ಸ್ಪೈಡರ್-ಮ್ಯಾನ್ ಅಂದರೆ ಪೀಟರ್ ಅನ್ನೋ ಹುಡುಗನಾಗಿರುವ ಟೋಬಿ ಮಗ್ವಾಯರ್ ಮೊದಲ ಸಲ ಮನೆಗಳ ಮೇಲಿಂದ ಮೇಲೆ ಜಿಗಿಯುತ್ತಾ ಓಡುವ ಜಾಗದಲ್ಲಿ ಅವಳು ನಕ್ಕಳು. ಅವಳು ನಕ್ಕಿದ್ದು ಸರಿಯೇ. ಅಲ್ಲಿ ಓಡುವುದು ಕಂಪ್ಯೂಟರ್ ಮಾಡಿದ ಗೊಂಬೆ, ಕೈಕಾಲು ರಬ್ಬರಿನ ಹಾಗೆ ಕಾಣುತ್ತದೆ. ಅದೇ ಸಿನಿಮಾದಲ್ಲಿ ಶಾಲೆಯ ಊಟದ ಕೋಣೆಯ ದೃಶ್ಯ ಬಂದಾಗ ಮಾತ್ರ ಅವಳು ಎದ್ದು ಕೂತಳು. ಪೀಟರ್ ಇಷ್ಟಪಡುವ ಹುಡುಗಿ ಮೇರಿ ಜೇನ್ ಕಾಲು ಜಾರುತ್ತದೆ. ಪೀಟರ್ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿರುವ ಟ್ರೇಗೆ ಅವಳ ಊಟದ ಸಾಮಾನನ್ನೆಲ್ಲ ಒಂದೊಂದಾಗಿ ಬೀಳಿಸಿಕೊಳ್ಳುತ್ತಾನೆ. ಅಲ್ಲಿ ಕಂಪ್ಯೂಟರ್ ಇಲ್ಲ. ಟ್ರೇ ಕೈಯಿಂದ ಜಾರದ ಹಾಗೆ ಅಂಟು ಹಾಕಿ, 150ಕ್ಕೂ ಹೆಚ್ಚು ಟೇಕ್ ತೆಗೆದು, ನಿಜವಾಗಿಯೂ ಹಿಡಿಸಿದ್ದು. ಇದನ್ನು ಹೇಳಿದ ಮೇಲೆ ಅವಳು ಆ ದೃಶ್ಯವನ್ನು ನಾಲ್ಕು ಸಲ ಹಾಕಿಸಿದಳು.

ಹಾಗಂತ ‘ಹಳೇ ಕಾಲದಲ್ಲಿ ಎಲ್ಲ ಕೈಯಲ್ಲೇ ಮಾಡುತ್ತಿದ್ದರು, ಅದಕ್ಕೇ ಚೆಂದ’ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ತಂತ್ರ ಹಳೆಯದಾಗುತ್ತದೆ. 1978ರ ‘ಸೂಪರ್‌ಮ್ಯಾನ್’ ನನಗಿಂತ ಹಳೇ ಸಿನಿಮಾ, ನನ್ನ ಕೈಗೆ ತಡವಾಗಿ ಸಿಕ್ಕಿದ್ದು. ಅದರ ಹಾರುವ ದೃಶ್ಯಗಳಿಗೆ ಜೊರಾನ್ ಪೆರಿಸಿಕ್ ಅನ್ನೋರು ಒಂದು ಜಾಣ ಉಪಾಯ ಕಂಡುಹಿಡಿದಿದ್ದರು. ಹಿಂದಿನ ದೃಶ್ಯವನ್ನು ತೋರಿಸುವ ಪ್ರೊಜೆಕ್ಟರು, ನಟನನ್ನು ಹಿಡಿಯುವ ಕ್ಯಾಮೆರಾ, ಎರಡಕ್ಕೂ ಜೂಮ್ ಲೆನ್ಸ್ ಹಾಕಿ ಎರಡನ್ನೂ ಒಟ್ಟಿಗೇ ಓಡಿಸುವುದು. ಆಗ ಹಿಂದಿನ ದೃಶ್ಯ ಅಷ್ಟೇ ದೊಡ್ಡದಾಗಿ ಉಳಿಯುತ್ತದೆ, ನಿಂತಲ್ಲೇ ನೇತಾಡುತ್ತಿರುವ ನಟ ಮಾತ್ರ ನಮ್ಮ ಕಡೆ ಹಾರಿ ಬಂದ ಹಾಗೆ ಕಾಣುತ್ತದೆ. ಆ ಸಿನಿಮಾದ ವಿಶೇಷ ದೃಶ್ಯಗಳಿಗೆ ಆಸ್ಕರ್ ಕೂಡ ಬಂತು. ಆದರೂ ಇವತ್ತಿನ ಮಗುವಿಗೆ ಅದು ದೊಡ್ಡ ವಿಷಯ ಅಲ್ಲ. ಅವಳು ಇದಕ್ಕಿಂತ ಚೆನ್ನಾಗಿ ಹಾರುವವರನ್ನು ನೋಡಿದ್ದಾಳೆ.

ಅವಳನ್ನು ಹಿಡಿದು ಕೂರಿಸಿದ್ದು ಬೇರೆ. ಸೂಪರ್‌ಮ್ಯಾನ್ ಪ್ರೀತಿಸುವ ಲೋಯಿಸ್ ಮನೆ. ಅವನು ಸಾಮಾನ್ಯ ಮನುಷ್ಯನ ವೇಷದಲ್ಲಿ, ಅಂದರೆ ಕ್ಲಾರ್ಕ್ ಆಗಿ, ಕೋಟು ಹಾಕಿಕೊಂಡು, ಕನ್ನಡಕ ಇಟ್ಟುಕೊಂಡು, ಭುಜ ಕುಗ್ಗಿಸಿ ನಿಂತಿದ್ದಾನೆ. ಲೋಯಿಸ್ ಒಳಗೆ ಹೋಗುತ್ತಾಳೆ. ಇವನಿಗೆ ನಿಜ ಹೇಳಿಬಿಡಬೇಕು ಅನಿಸುತ್ತದೆ. ಕನ್ನಡಕ ತೆಗೆಯುತ್ತಾನೆ. ಬೆನ್ನು ನೆಟ್ಟಗಾಗುತ್ತದೆ. ಭುಜ ಅಗಲವಾಗುತ್ತದೆ. ದನಿ ಇಳಿದು ಗಟ್ಟಿಯಾಗುತ್ತದೆ. ಅದೇ ಕೋಟಿನಲ್ಲಿ ಬೇರೆ ಮನುಷ್ಯ! ಆಮೇಲೆ ಧೈರ್ಯ ಸಾಲುವುದಿಲ್ಲ. ಕನ್ನಡಕ ವಾಪಸ್ ಮೂಗಿನ ಮೇಲೆ, ಭುಜ ಮತ್ತೆ ಕೆಳಗೆ. ಇಷ್ಟಕ್ಕೂ ಕ್ರಿಸ್ಟೋಫರ್ ರೀವ್ ಬಳಸಿದ್ದು ತನ್ನ ಮೈ, ತನ್ನ ದನಿ ಮಾತ್ರ. ಮಗು ಎದ್ದು ಕನ್ನಡಿ ಮುಂದೆ ನಿಂತು ಅದನ್ನೇ ಮಾಡಿ ನೋಡಿತು.

ಅಲ್ಲಿಂದ ನಾನು ಲೆಕ್ಕ ಹಾಕೋಕೆ ಶುರು ಮಾಡಿದೆ. ಉಳಿದ ದೃಶ್ಯಗಳೆಲ್ಲ ಎಂಥವು? ಹೀರೋ ತನ್ನ ಶಕ್ತಿಯನ್ನು ಬಳಸದೆ ಸುಮ್ಮನೆ ನಿಂತಿರುವಾಗ, ಕ್ಯಾಮೆರಾ ಅವನ ಮುಖ ಬಿಟ್ಟು ಹೋಗದೆ ಕಾಯುವ ದೃಶ್ಯಗಳು. ಹೆಚ್ಚೂಕಡಿಮೆ ಎಲ್ಲವೂ ಅಂಥವೇ.

‘ಸ್ಪೈಡರ್-ಮ್ಯಾನ್ 2’ ನೋಡಿದ್ದೀರಲ್ವಾ? 2004ರದ್ದು. ಅದರ ರೈಲಿನ ದೃಶ್ಯ ನನಗೆ ಈ ಇಡೀ ಜಾತಿಯ ಸಿನಿಮಾಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ಪೀಟರ್ ಮುಖವಾಡ ಇಲ್ಲದೆ ರೈಲಿನ ಮೂತಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಎರಡೂ ಕಡೆಯ ಕಟ್ಟಡಗಳಿಗೆ ಬಲೆ ಎಸೆದು ಎಳೆಯುತ್ತಾನೆ. ಬಟ್ಟೆ ಹರಿಯುತ್ತದೆ, ಮುಖ ಕೆಂಪಾಗುತ್ತದೆ. ಹಳಿ ಮುಗಿಯುವ ಅಂಚಿಗೆ ಬಂದು ರೈಲು ನಿಲ್ಲುತ್ತದೆ. ಅವನಿಗೆ ಪ್ರಜ್ಞೆ ತಪ್ಪುತ್ತದೆ, ಇನ್ನೇನು ಕೆಳಗೆ ಬೀಳಬೇಕು. ಆಗ ಒಳಗಿನಿಂದ ಕೈಗಳು ಬಂದು ಹಿಡಿದುಕೊಳ್ಳುತ್ತವೆ. ಜನ ಅವನನ್ನು ತಲೆಯ ಮೇಲೆ ಎತ್ತಿ, ಕೈಯಿಂದ ಕೈಗೆ ದಾಟಿಸುತ್ತಾ ಒಳಗೆ ತಂದು ಮೆಲ್ಲಗೆ ಮಲಗಿಸುತ್ತಾರೆ. ಸುತ್ತ ನಿಂತು ನೋಡುತ್ತಾರೆ. ‘ಇವನಿನ್ನೂ ಹುಡುಗ’ ಅನ್ನುತ್ತಾನೆ ಒಬ್ಬ.

ಆ ಮಾತು ಬರುವುದಕ್ಕೆ ಸ್ವಲ್ಪ ಮುಂಚೆಯೇ ನಮ್ಮ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು, “ಮಾಮಾ, ಇವನು ಇಷ್ಟು ಚಿಕ್ಕವನಾ?” ನನಗೆ ಗಂಟಲು ಕಟ್ಟಿತು. ಚಿಕ್ಕಂದಿನಲ್ಲಿ ನನಗೆ ಅವನು ದೊಡ್ಡ ಅಣ್ಣನ ಹಾಗೆ ಕಂಡಿದ್ದ. ಈಗ ನಾನು ಆ ರೈಲಿನಲ್ಲಿ ನಿಂತವರ ವಯಸ್ಸಿಗೆ ಬಂದಿದ್ದೇನೆ. ಸಿನಿಮಾ ಒಂದೇ, ನಾನು ನಿಂತ ಜಾಗ ಬದಲಾಗಿದೆ. ಹೀಗೆ ಎರಡು ವಯಸ್ಸಿಗೂ ದಕ್ಕುವ ಸಿನಿಮಾವನ್ನು ಬರೀ ಹಳೇ ನೆನಪು ಅಂತ ಹೇಗೆ ತಳ್ಳಿಹಾಕೋದು?

‘ದಿ ಐರನ್ ಜೈಂಟ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು 1999ರ ಅನಿಮೇಷನ್ ಸಿನಿಮಾ. ಬಿಡುಗಡೆಯಾದಾಗ ಓಡಲಿಲ್ಲ. ಅದರ ನಿರ್ದೇಶಕ ಬ್ರಾಡ್ ಬರ್ಡ್ ಆಮೇಲೆ 2004ರಲ್ಲಿ ‘ದಿ ಇನ್‌ಕ್ರೆಡಿಬಲ್ಸ್’ ಮಾಡಿದರು, ಅದು ಎಲ್ಲರಿಗೂ ಗೊತ್ತು. ಮೊದಲನೆಯದನ್ನು ನೋಡದವರು ಇನ್ನೂ ತುಂಬಾ ಜನ ಇದ್ದಾರೆ. ದಯವಿಟ್ಟು ನೋಡಿ. ಕಾಮಿಕ್ ಪುಸ್ತಕದಲ್ಲಿ ಸೂಪರ್‌ಮ್ಯಾನ್ ಚಿತ್ರ ನೋಡಿ, ತಾನೂ ಹಾಗೇ ಆಗಬೇಕು ಅಂತ ಆಸೆಪಡುವ ಒಂದು ಯಂತ್ರದ ಕಥೆ. ಕೊನೆಗೆ ಆ ಹೆಸರನ್ನು ಅದು ಹೇಳುವ ರೀತಿ ಇದೆಯಲ್ಲ, ನಾವಿಬ್ಬರೂ ಅತ್ತೆವು.

ಇನ್ನು ಮುಂದೆ ಬರುವ ಸಿನಿಮಾಗಳು. ಅದಕ್ಕೂ ಮುಂಚೆ ಒಂದು ಬೇಸರ ಹೇಳಿಕೊಳ್ಳುತ್ತೇನೆ. 2021ರಲ್ಲಿ ಮಾರ್ವೆಲ್ ಒಂದೇ ವರ್ಷ ನಾಲ್ಕು ಸಿನಿಮಾ, ಐದು ಸರಣಿ ತಂದಿತು. ಅದರಲ್ಲಿ ಒಳ್ಳೆಯವೂ ಇದ್ದವು. ಆದರೆ ಒಂದನ್ನು ಎರಡನೇ ಸಲ ನೋಡೋಕೆ ಬಿಡುವೇ ಸಿಗಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಹತ್ತಿರ ಇದ್ದದ್ದು ಬೆರಳೆಣಿಕೆಯ ಸಿನಿಮಾಗಳು. ಅದನ್ನೇ ಇಪ್ಪತ್ತು ಸಲ ನೋಡಿದೆವು. ಮಾತುಗಳು ಬಾಯಿಪಾಠವಾದವು, ಮೂಲೆಯಲ್ಲಿ ನಿಂತವರ ಮುಖವೂ ನೆನಪಲ್ಲಿ ಉಳಿಯಿತು. ಹಳೇ ಸಿನಿಮಾಗಳ ಮೇಲಿನ ಪ್ರೀತಿಯಲ್ಲಿ ಇದರ ಪಾಲೂ ದೊಡ್ಡದಿದೆ, ಅದನ್ನು ಒಪ್ಪಲೇಬೇಕು.

ಎಲ್ಲರ ಬಾಯಲ್ಲೂ ಇರುವುದು ‘ಅವೆಂಜರ್ಸ್: ಡೂಮ್ಸ್‌ಡೇ’. 2026ರ ಡಿಸೆಂಬರ್ 18ಕ್ಕೆ ಅಂತ ಹೇಳಿದ್ದಾರೆ. ರಾಬರ್ಟ್ ಡೌನಿ ಜೂನಿಯರ್ ವಾಪಸ್ ಬರುತ್ತಿದ್ದಾರೆ, ಆದರೆ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಆಗಿ ಅಲ್ಲ, ಖಳನಾಯಕ ಡಾಕ್ಟರ್ ಡೂಮ್ ಆಗಿ. 2024ರ ಜುಲೈನಲ್ಲಿ ಸ್ಯಾನ್ ಡಿಯೇಗೊದ ಕಾಮಿಕ್-ಕಾನ್ ಅನ್ನೋ ಅಭಿಮಾನಿಗಳ ಮೇಳದ ವೇದಿಕೆಯಲ್ಲಿ ಅವರು ಹಸಿರು ಬಟ್ಟೆ ಹಾಕಿಕೊಂಡು ಮುಖವಾಡ ತೆಗೆದಾಗ ಜನ ಕಿರುಚಿದ್ದು ನೆನಪಿದೆಯಾ? ನನಗೆ ಖುಷಿಯೂ ಆಯಿತು, ಭಯವೂ ಆಯಿತು. 2008ರಲ್ಲಿ ಎಂಟು ವರ್ಷದವರಾಗಿದ್ದವರಿಗೆ ‘ಐರನ್ ಮ್ಯಾನ್’ ಬಾಲ್ಯದ ಸಿನಿಮಾ. 2019ರಲ್ಲಿ ಅವರು ಟೋನಿಗೆ ಅತ್ತು ವಿದಾಯ ಹೇಳಿದ್ದಾರೆ. ಅದೇ ಮುಖವನ್ನು ಖಳನಾಯಕನಿಗೆ ಕೊಟ್ಟಾಗ ಅದಕ್ಕೆ ಕಥೆಯಲ್ಲಿ ಬೆಲೆ ಇರಬೇಕು. ಟೋನಿಯನ್ನು ಪ್ರೀತಿಸಿದ ಒಬ್ಬರು ಆ ಮುಖ ನೋಡಿ ಒಂದು ಕ್ಷಣ ಕೈ ಎತ್ತಲಾಗದೆ ನಿಂತರೆ, ನಾನು ಸೋತೆ, ಸಿನಿಮಾ ಗೆದ್ದಿತು. ಥಿಯೇಟರಿನಲ್ಲಿ ಶಿಳ್ಳೆ ಹೊಡೆಸೋಕೆ ಮಾತ್ರ ಆ ಮುಖ ಬಂದರೆ ನನಗೆ ನೋವಾಗುತ್ತದೆ.

ಅದೇ ಸಿನಿಮಾದಲ್ಲಿ ಪ್ಯಾಟ್ರಿಕ್ ಸ್ಟೀವರ್ಟ್, ಇಯಾನ್ ಮೆಕೆಲ್ಲನ್ ಕೂಡ ಇದ್ದಾರೆ. ನಾನು ಡೂಮ್ಸ್‌ಡೇಗೆ ಕಾಯುವುದು ಹೆಚ್ಚಾಗಿ ಇವರಿಗಾಗಿ. 2000ದ ‘ಎಕ್ಸ್-ಮೆನ್’ ಕೊನೆಯಲ್ಲಿ ಇಬ್ಬರೂ ಪ್ಲಾಸ್ಟಿಕ್ ಸೆರೆಮನೆಯಲ್ಲಿ ಎದುರುಬದುರು ಕೂತು ಚೆಸ್ ಆಡುತ್ತಾರೆ. ಒಬ್ಬರನ್ನೊಬ್ಬರು ಇಷ್ಟೊಂದು ಬಲ್ಲವರು ಶತ್ರುಗಳು ಹೇಗಾದರು ಅಂತ ಆ ವಯಸ್ಸಿನಲ್ಲಿ ನನಗೆ ಅರ್ಥವೇ ಆಗಿರಲಿಲ್ಲ. ಈಗ ಇಬ್ಬರಿಗೂ ಎಂಬತ್ತೈದರ ಆಸುಪಾಸು. ನೂರು ಜನ ಹೊಡೆದಾಡುವ ನಡುವೆ ಈ ಇಬ್ಬರಿಗೆ ಐದು ನಿಮಿಷ ಕೊಡಲಿ, ಒಂದು ಮೇಜು, ಎರಡು ಕುರ್ಚಿ. ಅಷ್ಟು ಸಾಕು ನನಗೆ.

‘ಸೂಪರ್‌ಗರ್ಲ್’ 2026ರ ಜೂನ್ 26ಕ್ಕೆ. ಮಿಲ್ಲಿ ಆಲ್ಕಾಕ್ ನಾಯಕಿ. ಈ ಪಾತ್ರದ ಬಗ್ಗೆ ನನಗೆ ಮೊದಲಿಂದಲೂ ಒಂದು ಸೆಳೆತ. ಸೂಪರ್‌ಮ್ಯಾನ್ ಕೂಸಾಗಿದ್ದಾಗಲೇ ಭೂಮಿಗೆ ಬಂದ, ಅವನಿಗೆ ಹುಟ್ಟಿದ ಮನೆಯ ನೆನಪೇ ಇಲ್ಲ. ಇವಳು ಹಾಗಲ್ಲ. ತನ್ನ ಜನ ಕಣ್ಣೆದುರೇ ಸಾಯುವುದನ್ನು ನೋಡಿ ಬೆಳೆದವಳು. ಬಾಲ್ಯವನ್ನು ನೆನೆಸಿಕೊಳ್ಳುವುದೇ ಅವಳಿಗೆ ಗಾಯ. ನಾವು ಹಳೇ ಸಿನಿಮಾ ಹಾಕಿಕೊಂಡು ಬಾಲ್ಯಕ್ಕೆ ಹೋಗಿ ಬರುತ್ತೇವೆ, ಅವಳಿಗೆ ಹೋಗಿ ಬರೋಕೆ ಜಾಗವೇ ಇಲ್ಲ. ಇದನ್ನು ಸರಿಯಾಗಿ ಹಿಡಿದರೆ ದೊಡ್ಡ ಸಿನಿಮಾ ಆಗುತ್ತದೆ.

2027ರಲ್ಲಿ ಜೇಮ್ಸ್ ಗನ್ ಅವರ ‘ಮ್ಯಾನ್ ಆಫ್ ಟುಮಾರೋ’, ಮ್ಯಾಟ್ ರೀವ್ಸ್ ಅವರ ‘ದಿ ಬ್ಯಾಟ್‌ಮ್ಯಾನ್’ ಎರಡನೇ ಭಾಗ ಇವೆ. ಎರಡನ್ನೂ ಖಂಡಿತ ನೋಡುತ್ತೇನೆ. ಅವುಗಳ ಬಗ್ಗೆ ಈಗಲೇ ಜಾಸ್ತಿ ಹೇಳೋಕೆ ಆಗುವುದಿಲ್ಲ.

ನಾನು ನಿಜವಾಗಿ ದಿನ ಎಣಿಸುತ್ತಿರುವುದು ‘ಸ್ಪೈಡರ್-ಮ್ಯಾನ್: ಬ್ರಾಂಡ್ ನ್ಯೂ ಡೇ’ಗೆ. 2026ರ ಜುಲೈ 31. ಯಾಕೆ ಅಂದರೆ 2021ರ ‘ನೋ ವೇ ಹೋಮ್’ ಮುಗಿದ ರೀತಿ. ಆ ಸಿನಿಮಾ ಬಂದಾಗ ಎಲ್ಲರೂ ಮೂವರು ಸ್ಪೈಡರ್-ಮ್ಯಾನ್ ಒಟ್ಟಿಗೆ ಬಂದದ್ದನ್ನೇ ಮಾತಾಡಿದರು. ನಾನೂ ಕುಣಿದಿದ್ದೆ. ಆದರೆ ಮನಸ್ಸಲ್ಲಿ ಉಳಿದದ್ದು ಕೊನೆಯ ಕೆಲವು ನಿಮಿಷ. ಮಂತ್ರದಿಂದ ಇಡೀ ಜಗತ್ತು ಪೀಟರ್‌ನನ್ನು ಮರೆತಿದೆ. ತಾನು ಪ್ರೀತಿಸುವ ಎಂಜೆ ಕೆಲಸ ಮಾಡುವ ಕಾಫಿ ಅಂಗಡಿಗೆ ಅವನು ಹೋಗುತ್ತಾನೆ. ಹೇಳಬೇಕಾದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡಿದ್ದಾನೆ. ಅವಳ ಹಣೆಯ ಮೇಲೆ, ಹಿಂದಿನ ಹೊಡೆದಾಟದಲ್ಲಿ ಆದ ಗಾಯಕ್ಕೆ ಹಾಕಿದ ಪಟ್ಟಿ ಕಾಣುತ್ತದೆ. ಕಾಗದ ಜೇಬಿಗೆ ವಾಪಸ್ ಹೋಗುತ್ತದೆ. ಏನೂ ಹೇಳದೆ ಹೊರಟು ಬರುತ್ತಾನೆ. ಆಮೇಲೆ ಒಂದು ಚಿಕ್ಕ ಬಾಡಿಗೆ ಕೋಣೆ, ಒಂದು ಹೊಲಿಗೆ ಯಂತ್ರ, ತಾನೇ ಹೊಲಿದುಕೊಂಡ ಉಡುಪು.

ಕ್ರಿಸ್ಟೋಫರ್ ರೀವ್ ಕನ್ನಡಕ ಹಾಕಿಕೊಂಡ ಕ್ಷಣವೇ ಅಲ್ವಾ ಇದು? ಹೇಳಬೇಕು, ಹೇಳಲಾರೆ. ನಡುವೆ 43 ವರ್ಷ ಕಳೆದಿದೆ.

ಮೊನ್ನೆ ಶನಿವಾರ ನಮ್ಮ ಹುಡುಗಿಗೆ ಅದನ್ನೇ ತೋರಿಸಿದೆ. ಹೆಸರುಗಳ ಪಟ್ಟಿ ಓಡುತ್ತಿದ್ದರೂ ಅವಳು ಜಾಗ ಬಿಟ್ಟು ಏಳಲಿಲ್ಲ. “ಮಾಮಾ, ಮುಂದಿನದರಲ್ಲಿ ಅವಳಿಗೆ ಇವನ ನೆನಪು ಬರುತ್ತಾ?” ಅಂದಳು. ಜುಲೈ ತನಕ ಕಾಯಬೇಕು ಅಂದೆ. ಆ ತಿಂಗಳ ಹಾಳೆಯನ್ನು ಅವಳು ಕ್ಯಾಲೆಂಡರಿನಲ್ಲಿ ಮಡಿಸಿಟ್ಟಿದ್ದಾಳೆ.