ಅಲ್ಯೂಮಿನಿಯಂ ಟ್ರಕ್ಕಿನ ಉಳಿತಾಯ ಯಾರ ಪಾಲಿಗೆ?

ಮಾನ್ಯರೇ,

ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿಗೆ 2015ರ ಮಾದರಿಯಿಂದ ಉಕ್ಕಿನ ಬದಲು ಬಂದ ಅಲ್ಯೂಮಿನಿಯಂ ಬಾಡಿಯ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ ಟೆಕ್ಸಸ್‌ನಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಕೊಡುತ್ತಿದ್ದೇವೆ. ತಂಪು ಪಾನೀಯದ ಡಬ್ಬಿ ಮಾಡುವ ಲೋಹದಿಂದ ಟ್ರಕ್ ಕಟ್ಟುವುದು ಸುರಕ್ಷಿತವಲ್ಲ. ಮೈಲೇಜ್ ಹೆಚ್ಚಿದ್ದು ಹೊಸ ಎಂಜಿನ್ನಿನಿಂದಲೇ ಹೊರತು ಲೋಹದಿಂದಲ್ಲ. ಆಲಿಕಲ್ಲಿನ ಹೊಡೆತಕ್ಕೆ ಸಿಕ್ಕ ನಿಮ್ಮ ನೆರೆಯವರ ಟ್ರಕ್ಕಿನ ನೆಗ್ಗು ತೆಗೆಯಲು ಗ್ಯಾರೇಜಿನವರು ಉಕ್ಕಿನ ಗಾಡಿಗಿಂತ ಬಹಳ ಹೆಚ್ಚು ಹಣ ಕೇಳಿದರು. 'ಮಿಲಿಟರಿ ದರ್ಜೆಯ ಅಲ್ಯೂಮಿನಿಯಂ' ಎಂಬ ಜಾಹೀರಾತಿನ ಮಾತಿಗೆ ಪತ್ರಿಕೆಯೊಂದು ಬೆಲೆ ಕೊಡಬಾರದು. ಇಷ್ಟು ಆಕ್ಷೇಪಗಳ ನಂತರ, 2015ರ ಸೆಕೆಂಡ್ ಹ್ಯಾಂಡ್ ಟ್ರಕ್ಕೊಂದನ್ನು ಕೊಳ್ಳುವ ಯೋಚನೆಯಲ್ಲಿರುವುದಾಗಿ ತಿಳಿಸಿ ನಮ್ಮ ಸಲಹೆಯನ್ನೂ ಕೇಳಿದ್ದೀರಿ.

ಕೊನೆಯ ಆಕ್ಷೇಪದಿಂದಲೇ ಆರಂಭಿಸುತ್ತೇವೆ, ಏಕೆಂದರೆ ಅದರಲ್ಲಿ ನಮಗೂ ನಿಮಗೂ ಭಿನ್ನಾಭಿಪ್ರಾಯವಿಲ್ಲ. 'ಮಿಲಿಟರಿ ದರ್ಜೆ' ಎಂಬುದು ಕಂಪನಿಯ ಪ್ರಚಾರ ವಿಭಾಗ ಕಟ್ಟಿಕೊಟ್ಟ ಮಾತು. ಈ ಟ್ರಕ್ಕಿನಲ್ಲಿ ಬಳಸಿರುವುದು 5000 ಮತ್ತು 6000 ಸರಣಿಯ ಅಲ್ಯೂಮಿನಿಯಂ ಮಿಶ್ರಲೋಹಗಳು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜಾರು ಕಿಟಕಿಯ ಚೌಕಟ್ಟುಗಳೂ ಸಾಮಾನ್ಯವಾಗಿ 6000 ಸರಣಿಯವೇ ಆಗಿರುತ್ತವೆ. ಅವನ್ನು ಯಾರೂ ಮಿಲಿಟರಿ ಕಿಟಕಿ ಎಂದು ಕರೆಯುವುದಿಲ್ಲ.

ಇನ್ನು ಪಾನೀಯದ ಡಬ್ಬಿಯ ಮಾತು. ಡಬ್ಬಿಯ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪವಿದ್ದರೆ, ವಾಹನದ ಬಾಡಿಗೆ ಬಳಸುವ ಹಾಳೆ ಅದಕ್ಕಿಂತ ಹತ್ತು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು ದಪ್ಪವಿರುತ್ತದೆ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗದಷ್ಟು; ಆದರೆ ಬಾಗದೆ ನಿಲ್ಲುವ ಗುಣವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಆದ್ದರಿಂದ ಎಂಜಿನಿಯರುಗಳು ಹಾಳೆಯನ್ನು ದಪ್ಪ ಮಾಡಲೇಬೇಕಾಗುತ್ತದೆ, ಮತ್ತು ಲೆಕ್ಕದಲ್ಲಿ ಕಾಣುವ ತೂಕದ ಉಳಿತಾಯದಲ್ಲಿ ಒಂದು ಪಾಲು ಅಲ್ಲೇ ಖರ್ಚಾಗಿಬಿಡುತ್ತದೆ. ಇಷ್ಟರ ಮೇಲೂ 2014ರ ಜನವರಿಯಲ್ಲಿ ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ ಈ ಟ್ರಕ್ಕನ್ನು ಅನಾವರಣಗೊಳಿಸಿದಾಗ ಕಂಪನಿ ಹೇಳಿದ ಗರಿಷ್ಠ ಉಳಿತಾಯ 700 ಪೌಂಡ್, ಅಂದರೆ ಸುಮಾರು 318 ಕಿಲೋ. ಅಡಿಯ ಷಾಸಿಯನ್ನು ಉಕ್ಕಿನಲ್ಲೇ ಉಳಿಸಿಕೊಂಡಿದ್ದನ್ನು ಮರೆಯಬಾರದು. 'ಅಲ್ಯೂಮಿನಿಯಂ ಟ್ರಕ್' ಎಂಬುದು ಮಾತಿನ ಅನುಕೂಲಕ್ಕೆ ಹೇಳುವುದಷ್ಟೆ.

ಸುರಕ್ಷತೆಯ ಬಗ್ಗೆ ನಿಮ್ಮ ಸಂದೇಹಕ್ಕೆ ಉತ್ತರ ಸಿಗುವುದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ, ಅಂದರೆ ಐಐಎಚ್‌ಎಸ್, ನಡೆಸಿದ ಡಿಕ್ಕಿ ಪರೀಕ್ಷೆಗಳಲ್ಲಿ. ವಾಹನದ ಮುಂಭಾಗದ ಒಂದು ಅಂಚು ಮಾತ್ರ ತಡೆಗೋಡೆಗೆ ಬಡಿಯುವ ಕಠಿಣ ಪರೀಕ್ಷೆಯಲ್ಲಿ 2015ರ ಎಫ್-150ರ ಸೂಪರ್‌ಕ್ರ್ಯೂ, ಅಂದರೆ ನಾಲ್ಕು ಪೂರ್ಣ ಬಾಗಿಲಿನ ಮಾದರಿ, 'ಉತ್ತಮ' ಎಂಬ ಅತ್ಯುನ್ನತ ಶ್ರೇಣಿ ಪಡೆಯಿತು. ಅದೇ ವರ್ಷದ, ಅದೇ ಲೋಹದ, ಹಿಂಬದಿಯ ಕ್ಯಾಬಿನ್ ಚಿಕ್ಕದಾದ ಸೂಪರ್‌ಕ್ಯಾಬ್ ಮಾದರಿಯದು ಕೆಳಗಿನಿಂದ ಎರಡನೆಯ ಶ್ರೇಣಿ. ಸೂಪರ್‌ಕ್ರ್ಯೂನಲ್ಲಿ ಮುಂದಿನ ಚಕ್ರದ ಬಳಿ ಷಾಸಿಗೆ ಸೇರಿಸಿದ್ದ ಉಕ್ಕಿನ ತಡೆಪಟ್ಟಿಗಳನ್ನು ಸೂಪರ್‌ಕ್ಯಾಬ್‌ಗೆ ಹಾಕಿರಲಿಲ್ಲ. 2016ರಲ್ಲಿ ಹಾಕಿದ ಮೇಲೆ ಅದಕ್ಕೂ 'ಉತ್ತಮ' ಶ್ರೇಣಿಯೇ ಬಂತು. 2016ರ ಅದೇ ಸರಣಿಯ ಪರೀಕ್ಷೆಯಲ್ಲಿ ಪ್ರತಿಸ್ಪರ್ಧಿ ಪಿಕಪ್‌ಗಳಾದ, ಉಕ್ಕಿನ ಬಾಡಿಯ ರ‍್ಯಾಮ್ 1500 ಹಾಗೂ ಷೆವರ್ಲೆ ಸಿಲ್ವರಾಡೊದ ಕ್ರ್ಯೂ ಕ್ಯಾಬ್ (ನಾಲ್ಕು ಪೂರ್ಣ ಬಾಗಿಲಿನ ಮಾದರಿ) ಈ ಮಟ್ಟ ಮುಟ್ಟಲಿಲ್ಲ. ಜೀವ ಉಳಿಸುವುದು ಹಾಳೆಯ ಲೋಹವಲ್ಲ, ಡಿಕ್ಕಿಯ ಬಲವನ್ನು ಎತ್ತ ಹರಿಸಬೇಕೆಂದು ಮೊದಲೇ ಯೋಚಿಸಿ ಕಟ್ಟಿದ ರಚನೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನಮಗೆ ತೋರುವುದಿಲ್ಲ.

ಮೈಲೇಜಿನ ವಿಷಯದಲ್ಲಿ ನಿಮ್ಮ ಮಾತು ಅರ್ಧ ನಿಜ. ಎಂಜಿನ್ ಬದಲಾಗದ ಮಾದರಿಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. 5 ಲೀಟರಿನ ವಿ8 ಎಂಜಿನ್ ಇದ್ದ ಹಿಂಚಕ್ರ ಚಾಲನೆಯ ಟ್ರಕ್ಕಿನ ಅಧಿಕೃತ ಸರಾಸರಿ ಮೈಲೇಜ್ 2014ರಲ್ಲಿ ಗ್ಯಾಲನ್ನಿಗೆ 17 ಮೈಲಿ ಇದ್ದದ್ದು 2015ರಲ್ಲಿ 18 ಆಯಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಅರ್ಧ ಕಿಲೋಮೀಟರೂ ಹೆಚ್ಚಲಿಲ್ಲ. ಇಷ್ಟಕ್ಕಾಗಿ ಫೋರ್ಡ್ ಡಿಯರ್‌ಬಾರ್ನ್‌ನ ಕಾರ್ಖಾನೆಯನ್ನು ಬದಲಾಯಿಸಿ, ಸ್ಪಾಟ್ ವೆಲ್ಡಿಂಗ್ ಬದಲು ರಿವೆಟ್ ಮತ್ತು ಅಂಟಿನ ಜೋಡಣೆಗೆ ಹೊರಳಬೇಕಿತ್ತೇ ಎಂದು ಕೇಳುವುದು ನ್ಯಾಯವೇ. ಉಕ್ಕಿನ ಬಾಡಿಯ 2014ರ ರ‍್ಯಾಮ್ ಡೀಸೆಲ್ ಹೆದ್ದಾರಿಯಲ್ಲಿ 28 ಮೈಲಿ ಕೊಡುತ್ತದೆಂದು ಪ್ರಮಾಣೀಕೃತವಾಗಿದ್ದಾಗ, 2.7 ಲೀಟರಿನ ಹೊಸ ಎಂಜಿನ್ನಿನ ಎಫ್-150 ಮುಟ್ಟಿದ್ದು 26. ಆ ಡೀಸೆಲ್ಲಿನ ಹೊಗೆಯ ವಿಷಯ ಮುಂದೆ ನ್ಯಾಯಾಲಯದವರೆಗೆ ಹೋದದ್ದು ಬೇರೆ ಕಥೆ.

ಆದರೆ ಇಲ್ಲಿಯೇ ನಿಮ್ಮ ಮಾತಿನ ಉಳಿದರ್ಧವನ್ನು ನಾವು ಒಪ್ಪಲಾರೆವು. ಆ 2.7 ಲೀಟರಿನ ಎಂಜಿನ್ನೇ ಹಗುರವಾದ ಬಾಡಿಯ ಫಲ. ಪೂರ್ಣ ಗಾತ್ರದ ಟ್ರಕ್ಕಿಗೆ ಅಷ್ಟು ಚಿಕ್ಕ ಎಂಜಿನ್ ಇಟ್ಟು, ಟರ್ಬೋ ಜೋಡಿಸಿ, 325 ಅಶ್ವಶಕ್ತಿ ತೆಗೆದು, ಕೊಳ್ಳುವವರ ಮುಂದೆ ಧೈರ್ಯವಾಗಿ ನಿಲ್ಲಿಸಲು ಸಾಧ್ಯವಾದದ್ದು ಅದು ಎಳೆಯಬೇಕಾದ ತೂಕ ಇಳಿದದ್ದರಿಂದ. ಅದಕ್ಕಿಂತ ಮುಖ್ಯವಾಗಿ, ಉಳಿತಾಯವಾದ ತೂಕದ ದೊಡ್ಡ ಪಾಲು ಇಂಧನಕ್ಕೆ ಹೋಗಲೇ ಇಲ್ಲ, ಹೊರೆಗೆ ಹೋಯಿತು. ಷಾಸಿ, ಆಕ್ಸಲ್, ಟೈರುಗಳು ತಡೆಯಬಲ್ಲ ಒಟ್ಟು ಭಾರಕ್ಕೆ ಒಂದು ಮಿತಿ ಇರುತ್ತದೆ. ಗಾಡಿಯ ಸ್ವಂತ ತೂಕ ಇಳಿದಷ್ಟೂ ಆ ಮಿತಿಯೊಳಗೆ ಸರಕಿಗೆ ಹೆಚ್ಚು ಜಾಗ. ಸರಿಯಾದ ಸಜ್ಜಿನಲ್ಲಿ 2015ರ ಟ್ರಕ್ 3,300 ಪೌಂಡ್, ಅಂದರೆ ಸುಮಾರು ಒಂದೂವರೆ ಟನ್ ಹೊರುತ್ತದೆ. ಎಳೆಯುವ ಗರಿಷ್ಠ ಸಾಮರ್ಥ್ಯ ಹಿಂದಿನ ಮಾದರಿಯ 11,300 ಪೌಂಡಿನಿಂದ 12,200ಕ್ಕೆ ಏರಿತು. ಹೀಗಾಗಿ ಈ ಟ್ರಕ್ಕಿನ ಬಗ್ಗೆ ಅಭಿಪ್ರಾಯ ಕೇಳಿದಾಗ ನಾವು ಮೊದಲು ಕೇಳುವುದು ಅದರಲ್ಲಿ ಏನನ್ನು ಹೇರುತ್ತೀರಿ ಎಂಬುದನ್ನು. ದಿನವೂ ಜಲ್ಲಿ, ಪೈಪು, ಕುದುರೆ ಟ್ರೇಲರ್ ಎಳೆಯುವವರಿಗೆ ಆ 318 ಕಿಲೋ ಕೈಗೆ ಸಿಗುತ್ತದೆ. ಖಾಲಿ ಬೆಡ್, ಅಂದರೆ ಹಿಂಬದಿಯ ಸರಕಿನ ತೊಟ್ಟಿ, ಹೊತ್ತು ಕಚೇರಿಗೂ ಮಾಲ್‌ಗೂ ಓಡಾಡುವವರಿಗೆ ಸಿಗುವುದು ಪೆಟ್ರೋಲಿನ ಅಲ್ಪ ಉಳಿತಾಯ ಮತ್ತು ರಿಪೇರಿಯ ಪೂರ್ತಿ ಖರ್ಚು.

ರಿಪೇರಿಯ ವಿಷಯದಲ್ಲಿ ನಿಮ್ಮ ನೆರೆಯವರ ಅನುಭವ ಅಸಹಜವೇನಲ್ಲ. ಅಲ್ಯೂಮಿನಿಯಂನ ನೆಗ್ಗನ್ನು ಉಕ್ಕಿನಂತೆ ಒಳಗಿನಿಂದ ಒತ್ತಿ ಸುಲಭವಾಗಿ ಮೊದಲಿನ ಆಕಾರಕ್ಕೆ ತರಲಾಗುವುದಿಲ್ಲ. ಅಳತೆಯಾಗಿ ಬಿಸಿ ಕೊಡಬೇಕು, ತಾಳ್ಮೆ ಬೇಕು, ಆಯಸ್ಕಾಂತದ ಉಪಕರಣಗಳಂತೂ ಕೆಲಸಕ್ಕೇ ಬರುವುದಿಲ್ಲ. ಉಕ್ಕಿನ ಪುಡಿ ಅಂಟಿದರೆ ಆ ಜಾಗದಲ್ಲಿ ಲೋಹ ತಿಂದುಹೋಗಲು ಆರಂಭಿಸುವುದರಿಂದ ಗ್ಯಾರೇಜಿನಲ್ಲಿ ಪ್ರತ್ಯೇಕ ಜಾಗ, ಪ್ರತ್ಯೇಕ ಸಲಕರಣೆ ಇಟ್ಟುಕೊಳ್ಳಬೇಕು. ಐಐಎಚ್‌ಎಸ್ 2015ರಲ್ಲಿ ಹೊಸ ಮತ್ತು ಹಳೆಯ ಎಫ್-150ಗಳನ್ನು ನಿಧಾನಗತಿಯಲ್ಲಿ ಒಂದಕ್ಕೊಂದು ಗುದ್ದಿಸಿ ನೋಡಿದಾಗ ಅಲ್ಯೂಮಿನಿಯಂ ಟ್ರಕ್ಕಿನ ರಿಪೇರಿ ವೆಚ್ಚ ಶೇ 26ರಷ್ಟು ಹೆಚ್ಚಾಗಿತ್ತು. ಆಲಿಕಲ್ಲು ವರ್ಷವರ್ಷವೂ ಬೀಳುವ ಉತ್ತರ ಟೆಕ್ಸಸ್‌ನಲ್ಲಿ ಇದು ಕಡೆಗಣಿಸುವ ಮಾತಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್ ಅಥವಾ ಒಹಾಯೊದಲ್ಲಿರುವ ನಮ್ಮ ಓದುಗರ ತಕ್ಕಡಿ ಬೇರೆಯೇ ಕಡೆ ವಾಲಬಹುದು, ಏಕೆಂದರೆ ಚಕ್ರದ ಕಮಾನುಗಳನ್ನು ತಿಂದುಹಾಕುವ ಕೆಂಪು ತುಕ್ಕು ಈ ಬಾಡಿಗೆ ಹಿಡಿಯುವುದಿಲ್ಲ. ಉಕ್ಕಿನ ಬೋಲ್ಟು ಸೇರುವ ಕಡೆ ಬಣ್ಣ ಕಿತ್ತುಹೋದರೆ ಮಾತ್ರ ಗುಳ್ಳೆಗಳು ಏಳಬಹುದು.

ಷೆವರ್ಲೆಯವರು 2016ರಲ್ಲಿ ತೋರಿಸಿದ ಜಾಹೀರಾತನ್ನೂ ನೀವು ನೆನಪಿಸಿದ್ದೀರಿ. ತೋಟದ ಕಟ್ಟೆಗೆ ಬಳಸುವ 825 ಪೌಂಡಿನಷ್ಟು ಇಟ್ಟಿಗೆಗಳನ್ನು ಮೇಲಿನಿಂದ ಸುರಿದಾಗ ಎಫ್-150ರ ಬೆಡ್ ತೂತಾಯಿತು, ಸಿಲ್ವರಾಡೊದ ಉಕ್ಕಿನ ಬೆಡ್ ನೆಗ್ಗಿತಷ್ಟೆ. ಪ್ರದರ್ಶನ ಜಾಹೀರಾತಿನದಾದರೂ ಅದು ತೋರಿಸಿದ ದೌರ್ಬಲ್ಯ ನಿಜವಾದದ್ದೇ. ಒರಟು ಕೆಲಸಕ್ಕೆ ಬಳಸುವವರು ಬೆಡ್‌ಗೆ ಲೈನರ್, ಅಂದರೆ ರಕ್ಷಣೆಯ ಒಳಹೊದಿಕೆ, ಹಾಕಿಸಿಕೊಳ್ಳಲೇಬೇಕು. ಆದರೆ ಅದೇ ಕಂಪನಿ 2019ರ ಸಿಲ್ವರಾಡೊದಲ್ಲಿ ಬಾಗಿಲು, ಬಾನೆಟ್, ಹಿಂಬಾಗಿಲುಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ಬೆಡ್ಡನ್ನು ಉಕ್ಕಿನಲ್ಲೇ ಉಳಿಸಿ, 450 ಪೌಂಡ್‌ವರೆಗೆ ತೂಕ ಇಳಿಸಿತು. ಈ ಮಧ್ಯಮ ಮಾರ್ಗವೇ ಹೆಚ್ಚು ವಿವೇಕದ್ದೆಂದು ನಮ್ಮ ಭಾವನೆ. ಫೋರ್ಡ್ ಮಾತ್ರ ತನ್ನ ದಾರಿಯಿಂದ ಹಿಂದೆ ಸರಿಯಲಿಲ್ಲ. ಅದರ ಭಾರೀ ಟ್ರಕ್ಕುಗಳಾದ 2017ರ ಸೂಪರ್ ಡ್ಯೂಟಿಗೂ 2021ರ ಹೊಸ ಎಫ್-150ಗೂ ಅದೇ ಲೋಹ.

ಆ ಹಟದ ಬೆಲೆ ಗೊತ್ತಾದದ್ದು 2025ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಆಸ್ವೀಗೊದಲ್ಲಿರುವ ನೊವೆಲಿಸ್ ಕಾರ್ಖಾನೆಗೆ ಬೆಂಕಿ ಬಿದ್ದು ಫೋರ್ಡ್‌ಗೆ ಅಲ್ಯೂಮಿನಿಯಂ ಹಾಳೆಯ ಪೂರೈಕೆ ಕಡಿದು, ಟ್ರಕ್ ಉತ್ಪಾದನೆಯೇ ಕುಂಟಿದಾಗ. ನೊವೆಲಿಸ್ 2007ರಿಂದ ನಮ್ಮ ಹಿಂಡಾಲ್ಕೊ ಕಂಪನಿಯ ಒಡೆತನದಲ್ಲಿದೆ. ಬೆಳಗಾವಿಯಲ್ಲಿ ಅಲ್ಯೂಮಿನಿಯಂನ ಕಚ್ಚಾವಸ್ತುವಾದ ಅಲ್ಯುಮಿನಾ ತಯಾರಿಸುವ ಹಿಂಡಾಲ್ಕೊ ಇದೇ.

ಇನ್ನು ನಿಮ್ಮ ಖರೀದಿಯ ವಿಷಯ. ಟ್ರೇಲರ್ ಎಳೆಯುವ ಉದ್ದೇಶವಿದೆ ಎಂದು ಬರೆದಿರುವುದರಿಂದ ಈ ಟ್ರಕ್ ನಿಮಗೆ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸೂಪರ್‌ಕ್ಯಾಬ್ ಆದರೆ 2015ರದ್ದನ್ನು ಬಿಟ್ಟು 2016ರ ನಂತರದ್ದನ್ನು ನೋಡಿ. ಸೂಪರ್‌ಕ್ರ್ಯೂ ಆದರೆ ಆ ಚಿಂತೆಯಿಲ್ಲ. ವಿಮೆಯ ಕಂತು ಎಷ್ಟಾಗುತ್ತದೆ, ಆಲಿಕಲ್ಲಿನ ಹಾನಿಗೆ ನಿಮ್ಮ ಕೈಯಿಂದ ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳಿ. ಹಳೆಯ ಕಾರು ಕೊಳ್ಳುವಾಗ ಪುಟ್ಟಿ ತುಂಬಿದ ಜಾಗ ಪತ್ತೆ ಮಾಡಲು ಆಯಸ್ಕಾಂತ ಹಚ್ಚಿ ನೋಡುವ ನಮ್ಮವರ ಉಪಾಯ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಈ ಬಾಡಿಗೆ ಎಲ್ಲಿಯೂ ಆಯಸ್ಕಾಂತ ಅಂಟುವುದಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಇರುವ ಪರೀಕ್ಷಕರನ್ನು ಕರೆದೊಯ್ಯಿರಿ, ಮತ್ತು ಆ ಮೀಟರ್ ಅಲ್ಯೂಮಿನಿಯಂ ಮೇಲೂ ಅಳೆಯಬಲ್ಲ ಬಗೆಯದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

— ಸಂಪಾದಕ