ಬ್ಯಾಕ್ಟೀರಿಯಾಕ್ಕೆ ತಲೆ ಎಣಿಸಲು ಬರುತ್ತಾ?

ಮೆದುಳೇ ಇಲ್ಲದ ಬ್ಯಾಕ್ಟೀರಿಯಾಕ್ಕೆ ಸುತ್ತ ತನ್ನಂಥವು ಎಷ್ಟಿವೆ ಅಂತ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೀರಿ. ನೋಡಿ, ಅವು ಎಣಿಸುವುದಿಲ್ಲ. ಪ್ರತಿಯೊಂದೂ ಒಂದು ರಾಸಾಯನಿಕವನ್ನು ಸುಮ್ನೆ ಹೊರಗೆ ಬಿಡುತ್ತಿರುತ್ತದೆ. ಒಂಟಿಯಾಗಿದ್ದರೆ ಅದು ನೀರಿನಲ್ಲಿ ಚದುರಿ ಹೋಗುತ್ತದೆ. ಗುಂಪು ದಟ್ಟವಾದರೆ ಅದೇ ರಾಸಾಯನಿಕ ಜಾಸ್ತಿಯಾಗಿ, ವಾಪಸ್ ಕೋಶದೊಳಗೆ ಬಂದು ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಕೆಲವು ಜೀನುಗಳು ಚಾಲೂ ಆಗುತ್ತವೆ. ಇದೇ ಕೋರಂ ಸೆನ್ಸಿಂಗ್.

ನನಗೆ ಇಷ್ಟವಾದ ಉದಾಹರಣೆ ವಿಬ್ರಿಯೊ ಫಿಷೆರಿ ಎಂಬ ಬ್ಯಾಕ್ಟೀರಿಯಾ. ಸಮುದ್ರದಲ್ಲಿ ಚದುರಿದ್ದಾಗ ಇದು ಹೊಳೆಯುವುದಿಲ್ಲ. ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್ ಎಂಬ ಪುಟ್ಟ ಜೀವಿಯ ಮೈಯೊಳಗಿನ ಅಂಗವೊಂದರಲ್ಲಿ ಕಿಕ್ಕಿರಿದಾಗ ಬೆಳಗುತ್ತದೆ. ರಾತ್ರಿ ಬೇಟೆಗೆ ಹೊರಟ ಸ್ಕ್ವಿಡ್ ಈ ಬೆಳಕನ್ನು ಕೆಳಕ್ಕೆ ಬೀರುತ್ತದೆ. ಬೆಳದಿಂಗಳಲ್ಲಿ ಅದರ ಕಪ್ಪು ಆಕಾರ ಕೆಳಗಿನ ಮೀನುಗಳಿಗೆ ಎದ್ದು ಕಾಣದಿರಲಿ ಅಂತ! ಬೆಳಗಾಗುತ್ತಿದ್ದಂತೆ ಸುಮಾರು 90–95% ಬ್ಯಾಕ್ಟೀರಿಯಾವನ್ನು ಹೊರಗೆ ಹಾಕಿಬಿಡುತ್ತದೆ. ಉಳಿದವು ಸಂಜೆಯೊಳಗೆ ಮತ್ತೆ ಹೆಚ್ಚಿಕೊಳ್ಳುತ್ತವೆ.

ಮೈಗಳ್ಳರು ಇರಲ್ವಾ ಅಂತಲೂ ಕೇಳಿದ್ದಿರಿ. ಇರುತ್ತಾರೆ. ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಕೆಲವು ಈ ಸಂಕೇತಕ್ಕೆ ಕಿವುಡಾಗಿರುತ್ತವೆ. ಆಹಾರ ಕರಗಿಸುವ ಕಿಣ್ವ ತಯಾರಿಸುವ ಕಷ್ಟ ಬೇರೆಯವಕ್ಕೆ, ಊಟ ಮಾತ್ರ ಇವಕ್ಕೂ. ಅಂಥವು ಜಾಸ್ತಿಯಾದರೆ ಇಡೀ ಗುಂಪೇ ಸೊರಗುತ್ತದೆ.