ತೀರದ ಸಾಲ: ಗ್ಯಾಂಗಿನ ಕೈಗೆ ಸಿಕ್ಕ ಹುಡುಗ

ಗುರುತು ಸಿಗಬಾರದು ಅಂತ ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನಿಗೆ 16 ವರ್ಷ. ಅವನ ಬ್ಯಾಗಿನಲ್ಲಿ ಮಾದಕ ವಸ್ತುವಿನ ಪೊಟ್ಟಣ ಪೊಲೀಸರಿಗೆ ಸಿಕ್ಕಿತ್ತು. ಕೇಸು ನಡೆಯುತ್ತಿತ್ತು, ಅವನನ್ನು ಮನೆಗೆ ಕಳಿಸಿದ್ದರು. ಶಾಲೆಯವರು ಬರಬೇಡ ಅಂದಿದ್ದರು. ಇಷ್ಟಾದ ಮೇಲೂ ಅವನು ರಾತ್ರಿ ಮತ್ತೆ ಹೊರಗೆ ಹೋಗಲು ಶುರು ಮಾಡಿದ್ದ. ಇಂಥ ಮಕ್ಕಳ ಜೊತೆ ಮಾತಾಡಿ ದಾರಿ ಹುಡುಕುವುದು ನನ್ನ ಕೆಲಸ. ಅದಕ್ಕೇ ಅಪ್ಪ ಅಮ್ಮ ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದರು.

ಅಪ್ಪ ಮೊದಲೇ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದರು. "ಒಂದ್ಸಲ ಜೈಲಿನ ಒಳಗೆ ಕರ್ಕೊಂಡು ಹೋಗಿ ತೋರಿಸ್ಬೇಕು ಮೇಡಂ. ಹೆದರಿದ್ರೆ ಸರಿಹೋಗ್ತಾನೆ" ಅಂದರು. ಇದನ್ನು ತುಂಬಾ ಜನ ಕೇಳುತ್ತಾರೆ. ಅಮೆರಿಕದ ನ್ಯೂಜೆರ್ಸಿಯ ರಾಹ್‌ವೇ ಜೈಲಿನಲ್ಲಿ 1970ರ ದಶಕದಲ್ಲಿ ಇಂಥದ್ದೇ ಕಾರ್ಯಕ್ರಮ ಶುರುವಾಯಿತು. ಜೀವಾವಧಿ ಕೈದಿಗಳು ಹುಡುಗರ ಮುಂದೆ ಕಿರುಚಾಡಿ ಹೆದರಿಸುತ್ತಿದ್ದರು. ಬೇರೆ ಕಡೆಯೂ ಇದನ್ನು ನಕಲು ಮಾಡಿದರು. ಆಮೇಲೆ ಸರಿಯಾಗಿ ಹೋಲಿಸಿ ನೋಡಿದಾಗ, ಹೋಗಿ ಬಂದ ಹುಡುಗರು ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದು ಕಂಡಿತು. ಅಪ್ಪನಿಗೆ ಇದನ್ನು ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಅವರ ಮಗನಿಗೆ ಭಯಕ್ಕೇನೂ ಕೊರತೆಯಿಲ್ಲ ಅಂತ ಹೇಳಿದೆ. ಫೋನ್ ಸದ್ದು ಮಾಡಿದಾಗಲೆಲ್ಲ ಅವನ ಮುಖದ ಬಣ್ಣ ಬದಲಾಗುತ್ತಿತ್ತು.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಾಡಿದೆ. ಏನನ್ನು ಗುಟ್ಟಾಗಿ ಇಡುತ್ತೇನೆ, ಏನನ್ನು ಇಡಲು ಆಗುವುದಿಲ್ಲ ಅಂತ ಮೊದಲೇ ತಿಳಿಸಿದೆ. ನಿನ್ನ ಜೀವಕ್ಕೋ ಇನ್ನೊಂದು ಮಗುವಿಗೋ ಅಪಾಯ ಇದ್ದರೆ ನಾನು ಸುಮ್ಮನಿರುವಂತಿಲ್ಲ, ಆದರೆ ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ ಅಂದೆ. "ಯಾಕೆ ಮಾಡಿದೆ?" ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಅವನು ಪೊಲೀಸರ ಮುಂದೆ, ಮನೆಯಲ್ಲಿ, ಶಾಲೆಯಲ್ಲಿ ತಲೆ ತಗ್ಗಿಸಿ ಸಾಕಾಗಿದ್ದ. ನಾನು ಕೇಳಿದ್ದು ಇಷ್ಟೇ: "ಯಾರಿಗಾದ್ರೂ ದುಡ್ಡು ಕೊಡೋದು ಬಾಕಿ ಇದೆಯೇನಪ್ಪಾ?"

ತುಂಬಾ ಹೊತ್ತಾದ ಮೇಲೆ ಬಾಯಿ ಬಿಟ್ಟ. ಶುರುವಿನಲ್ಲಿ ಅವನಿಗಿಂತ ದೊಡ್ಡ ಹುಡುಗನೊಬ್ಬ ಸ್ನೇಹ ಮಾಡಿದ್ದ. ಶೂ ಕೊಡಿಸಿದ, ಫೋನ್ ಕೊಟ್ಟ, ಬೈಕಿನಲ್ಲಿ ಸುತ್ತಾಡಿಸಿದ. ಹುಡುಗ ಅವನನ್ನು 'ಅಣ್ಣ' ಅಂತಲೇ ಕರೆಯುತ್ತಾನೆ, ಈಗಲೂ. ಆಮೇಲೆ "ಇದನ್ನ ಅಲ್ಲಿ ಕೊಟ್ಟು ಬಾ, ಅಷ್ಟೇ" ಅನ್ನುವ ಕೆಲಸ ಬಂತು. ಹಾಗೆ ಒಯ್ಯುತ್ತಿದ್ದ ಒಂದು ದಿನ ಇಬ್ಬರು ಮುಸುಕು ಹಾಕಿಕೊಂಡು ಬಂದು ಪೊಟ್ಟಣ ಕಿತ್ತುಕೊಂಡು ಹೋದರು. ನಷ್ಟ ನಿನ್ನದೇ, ದುಡಿದು ತೀರಿಸು ಅಂದ ಅಣ್ಣ. ಪೊಲೀಸರು ಹಿಡಿದ ಪೊಟ್ಟಣದ ಬೆಲೆಯೂ ಈಗ ಅದೇ ಲೆಕ್ಕಕ್ಕೆ ಸೇರಿದೆ.

"ನೀನು ಆ ಹೊತ್ತಿಗೆ ಆ ದಾರಿಯಲ್ಲೇ ಬರ್ತೀಯ ಅಂತ ಯಾರಿಗೆಲ್ಲ ಗೊತ್ತಿತ್ತು?"

ಅವನು ಉತ್ತರ ಕೊಡಲಿಲ್ಲ. ಮುಖ ನೋಡಿದರೆ ಉತ್ತರ ಹೊಳೆದಿದೆ ಅಂತ ಗೊತ್ತಾಗುತ್ತಿತ್ತು.

ತಮ್ಮದೇ ಮಾಲನ್ನು ತಮ್ಮವರಿಂದಲೇ ದೋಚಿಸಿ, ಆ ನಷ್ಟವನ್ನು ಮಗುವಿನ ತಲೆಗೆ ಕಟ್ಟುವುದು ಗ್ಯಾಂಗುಗಳ ಹಳೆಯ ಕುತಂತ್ರ. ಬ್ರಿಟನ್ನಿನಲ್ಲಿ 'ಕೌಂಟಿ ಲೈನ್ಸ್' ಅನ್ನುವ ಜಾಲಗಳಿವೆ. ದೊಡ್ಡ ನಗರದ ಗ್ಯಾಂಗುಗಳು ಒಂದು ಫೋನ್ ನಂಬರಿನ ಮೇಲೆ ಸಣ್ಣ ಊರುಗಳಿಗೆ ಮಾಲು ಮಾರುತ್ತವೆ, ಅದನ್ನು ಹೊತ್ತೊಯ್ಯಲು ಮಕ್ಕಳನ್ನು ಬಳಸುತ್ತವೆ. ಅಲ್ಲಿ ಈ ಸಾಲದ ಬಲೆ ಚೆನ್ನಾಗಿ ಗೊತ್ತಿರುವ ವಿಷಯ. ಮಗುವಿನ ಮೇಲೆ ಅನುಮಾನ ಕಮ್ಮಿ, ಶಿಕ್ಷೆ ಕಮ್ಮಿ. ಸಿಕ್ಕಿಬಿದ್ದರೂ ಮೇಲಿನವರ ಹೆಸರೇ ಅದಕ್ಕೆ ಗೊತ್ತಿರುವುದಿಲ್ಲ. ಒಬ್ಬ ಹೋದರೆ ಇನ್ನೊಬ್ಬ ಸಿಗುತ್ತಾನೆ. ಇದೆಲ್ಲ ಲೆಕ್ಕ ಹಾಕಿ ಮಾಡುವ ಕೆಲಸ. ನನಗೆ ಸಿಟ್ಟು ಬರುವುದು ಇಲ್ಲೇ. ಲೆಕ್ಕ ಹಾಕಿದವನು ಆರಾಮಾಗಿ ಓಡಾಡಿಕೊಂಡಿರುತ್ತಾನೆ, ನಾವು 16 ವರ್ಷದವನಿಗೆ ಎಷ್ಟು ಕಠಿಣ ಶಿಕ್ಷೆ ಕೊಡಬೇಕು ಅಂತ ಜಗಳ ಆಡುತ್ತಿರುತ್ತೇವೆ.

"ನಾನೇ ಒಪ್ಪಿಕೊಂಡೆ ಮೇಡಂ, ಯಾರೂ ಬಲವಂತ ಮಾಡ್ಲಿಲ್ಲ" ಅಂತ ಹುಡುಗ ಹೇಳುತ್ತಲೇ ಇದ್ದ. ಬಹುಪಾಲು ಮಕ್ಕಳು ಹೀಗೇ ಹೇಳುತ್ತಾರೆ. ಮೋಸ ಹೋದೆ ಅಂತ ಒಪ್ಪುವುದಕ್ಕಿಂತ ತಪ್ಪು ಮಾಡಿದೆ ಅನ್ನುವುದು ಅವರಿಗೆ ಸುಲಭ. ಆದರೆ ವಿಶ್ವಸಂಸ್ಥೆಯ 2000ದ ಪಲೆರ್ಮೋ ಒಪ್ಪಂದದ ಪ್ರಕಾರ, 18 ತುಂಬದವರನ್ನು ಶೋಷಣೆಗಾಗಿ ಸೇರಿಸಿಕೊಂಡರೆ ಬಲವಂತ ಇರಲಿ ಬಿಡಲಿ, ಅದು ಮಾನವ ಸಾಗಾಣಿಕೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1999ರಲ್ಲೇ ಮಾದಕ ವಸ್ತುವಿನ ದಂಧೆಗೆ ಮಕ್ಕಳನ್ನು ಬಳಸುವುದನ್ನು ಬಾಲಕಾರ್ಮಿಕ ಪದ್ಧತಿಯ ಅತಿ ಕೆಟ್ಟ ರೂಪಗಳಲ್ಲಿ ಸೇರಿಸಿತು. ಭಾರತದ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ದೊಡ್ಡವರಿಗೆ 7 ವರ್ಷದವರೆಗೆ ಕಠಿಣ ಸೆರೆವಾಸ ಇದೆ. ಹಾಗಾಗಿ ಅಪ್ಪ ಅಮ್ಮನಿಗೆ ನಾನು ಹೇಳಿದ ಮೊದಲ ಕೆಲಸ: ಈ ಸಾಲದ ಕಥೆಯನ್ನು ವಕೀಲರಿಗೆ ಪೂರ್ತಿ ಹೇಳಿ. ಅಲ್ಲಿಯವರೆಗೆ ವಕೀಲರಿಗೆ ಗೊತ್ತಿದ್ದದ್ದು ಬ್ಯಾಗು ಮತ್ತು ಪೊಟ್ಟಣ ಅಷ್ಟೇ.

ಅಮ್ಮ ಒಡವೆ ಮಾರಿಯಾದರೂ ಸಾಲ ತೀರಿಸುತ್ತೇನೆ ಅಂದರು. ಬೇಡ ಅಂದೆ. ಇದು ತೀರಲಿ ಅಂತ ಮಾಡಿಸಿದ ಸಾಲ ಅಲ್ಲ. ಈ ಮನೆಯಲ್ಲಿ ದುಡ್ಡು ಹುಟ್ಟುತ್ತದೆ ಅಂತ ಗೊತ್ತಾದರೆ ಮೊತ್ತ ಬೆಳೆಯುತ್ತದೆ. ಅಪ್ಪ ಹೋಗಿ ಆ ಅಣ್ಣನ ಕೊರಳಪಟ್ಟಿ ಹಿಡಿಯುವುದೂ ಬೇಡ. ಫೋನ್ ಒಡೆದು ಹಾಕಬೇಡಿ, ಬೆದರಿಕೆಯ ಮೆಸೇಜುಗಳೆಲ್ಲ ಸಾಕ್ಷಿ. ಇದ್ದಕ್ಕಿದ್ದಂತೆ ಫೋನ್ ಸತ್ತರೆ ಅವರು ಮನೆ ಬಾಗಿಲಿಗೇ ಬರಬಹುದು. ವಕೀಲರು ಜೊತೆಯಲ್ಲಿಲ್ಲದೆ ಅವನಿಂದ ಹೆಸರುಗಳನ್ನು ಹೇಳಿಸಲು ಯಾರಿಗೂ ಬಿಡಬೇಡಿ. ಮಾಹಿತಿ ಕೊಟ್ಟ ಅನ್ನುವ ಸುದ್ದಿ ಹರಡಿದರೆ ಅವನ ಜೀವಕ್ಕೇ ಕುತ್ತು.

ಹುಡುಗನಿಗೆ ಹೇಳಿದ್ದು ಬೇರೆ. "ನಾನಿನ್ನು ಬರಲ್ಲ" ಅಂತ ಎದೆ ತಟ್ಟಿ ಹೇಳಬೇಡ. "ಕೋರ್ಟಿನವರ ಕಣ್ಣು ನನ್ನ ಮೇಲಿದೆ, ರಾತ್ರಿ ಹೊರಗೆ ಬರುವಂತಿಲ್ಲ, ಫೋನ್ ನೋಡ್ತಾರೆ" ಅನ್ನು. ಕಣ್ಗಾವಲಿನಲ್ಲಿರುವ ಹುಡುಗ ಅವರಿಗೂ ತಲೆನೋವು. ಮಾತು ಬೇಕಂತಲೇ ಮೆತ್ತಗಿತ್ತು, ಸುಳ್ಳೂ ಆಗಿರಲಿಲ್ಲ. ಮಕ್ಕಳ ರಕ್ಷಣಾ ಅಧಿಕಾರಿಯ ಜೊತೆ ಮಾತಾಡಿ, ಕೆಲವು ಕಾಲ ದೂರದ ಸೋದರತ್ತೆಯ ಮನೆಯಲ್ಲಿರಲು ಕೋರ್ಟಿನ ಒಪ್ಪಿಗೆ ಪಡೆದೆವು.

ಆಮೇಲೆ ಇನ್ನೊಂದು ವಿಷಯ ಹೊರಗೆ ಬಂತು. ಅವನೂ 13 ವರ್ಷದ ಹುಡುಗನೊಬ್ಬನನ್ನು ಸೇರಿಸಿದ್ದ. ಒಬ್ಬನನ್ನು ತಂದರೆ ಸಾಲದಲ್ಲಿ ಸ್ವಲ್ಪ ಕಡಿಮೆ ಮಾಡುತ್ತೇನೆ ಅಂದಿದ್ದನಂತೆ ಅಣ್ಣ. ಹೇಳುತ್ತಾ ಅವನು ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ. ನಿನ್ನನ್ನು ಬಳಸಿಕೊಂಡದ್ದು ನಿಜ, ನೀನು ಅವನನ್ನು ಬಳಸಿಕೊಂಡದ್ದೂ ನಿಜ ಅಂದೆ. ಇದನ್ನು ನಾನು ಅಧಿಕಾರಿಗೆ ಹೇಳಲೇಬೇಕು ಅಂತ ತಿಳಿಸಿ, ಹೇಳಿದೆ. ನಮ್ಮ ಚರ್ಚೆಗಳಲ್ಲಿ ಒಂದೋ ಇವನು ಪಾಪದ ಕೂಸು, ಇಲ್ಲಾ ರಾಕ್ಷಸ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಜಾಗ ಕಡಿಮೆ. ನ್ಯೂಜಿಲೆಂಡಿನಲ್ಲಿ 1989ರ ಕಾನೂನಿನಿಂದ ಅಂಥ ಜಾಗ ಇದೆ. ತಪ್ಪು ಮಾಡಿದ ಹುಡುಗ, ಅವನ ಮನೆಯವರು, ನೋವು ತಿಂದವರು, ಪೊಲೀಸರು ಒಟ್ಟಿಗೆ ಕೂತು ಮುಂದೇನು ಅಂತ ತೀರ್ಮಾನಿಸುತ್ತಾರೆ. ನಾವೂ ಆ ಚಿಕ್ಕ ಹುಡುಗನ ತಾಯಿಯ ಜೊತೆ ಹಾಗೆ ಕೂರಬೇಕು ಅಂದುಕೊಂಡೆವು. ಆಕೆ ಇನ್ನೂ ಒಪ್ಪಿಲ್ಲ. ಒಪ್ಪಲೇಬೇಕು ಅಂತ ಕೇಳುವ ಹಕ್ಕು ನಮಗಿಲ್ಲ.

ಶಾಲೆಗೆ ನಾನೇ ಪತ್ರ ಬರೆದೆ. ಹದಿಹರೆಯದಲ್ಲಿ ತಪ್ಪು ಮಾಡಿದವರಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ತಾವಾಗಿಯೇ ಬಿಡುತ್ತಾರೆ ಅಂತ ಮನಶ್ಶಾಸ್ತ್ರಜ್ಞೆ ಟೆರ‍್ರಿ ಮಾಫಿಟ್ 1993ರಲ್ಲೇ ಬರೆದಿದ್ದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೂ, ಪೊಲೀಸು ಕೋರ್ಟಿನ ಒಳಗೆ ಆಳಕ್ಕೆ ಸಿಕ್ಕಷ್ಟೂ ಬಿಡುವುದು ಕಷ್ಟವಾಗುತ್ತದೆ ಅಂತ ತೋರಿಸಿತು. ಶಾಲೆಯಿಂದ ತೆಗೆದರೆ ಅವನ ಹಗಲು ಪೂರ್ತಿ ಗ್ಯಾಂಗಿಗೆ ಸಿಗುತ್ತದೆ, ಅಲ್ವಾ? ಈ ಮಾತನ್ನು ಪತ್ರದಲ್ಲಿ ನೇರವಾಗಿಯೇ ಬರೆದೆ. ಷರತ್ತಿನ ಮೇಲೆ ಪರೀಕ್ಷೆಗೆ ಕೂರಿಸಲು ಒಪ್ಪಿದ್ದಾರೆ.

ಮನೆಯಲ್ಲಿ ತಮ್ಮನೂ ಇದ್ದಾನೆ. ಅವನ ವಿಷಯದಲ್ಲಿ ಏನು ಗಮನಿಸಬೇಕು ಅಂತ ಅಪ್ಪ ಕೇಳಿದರು. ಕೊಡಿಸದ ಶೂ ಕಾಲಿಗೆ ಬರುವುದು, ಎರಡನೇ ಫೋನ್, ಹೇಳಿದ ಕಡೆ ಇಲ್ಲದಿರುವುದು, ಹೊಸ ದೊಡ್ಡ ಸ್ನೇಹಿತ, ಕರೆ ಬಂದ ಕೂಡಲೇ ಊಟ ಬಿಟ್ಟು ಏಳುವುದು. ಇವು ಕಂಡರೆ ಬ್ಯಾಗು ಜಾಲಾಡುವ ಮುಂಚೆ ಪಕ್ಕದಲ್ಲಿ ಕೂತು, ಬೈಯದೆ, ಯಾರಿಗಾದರೂ ದುಡ್ಡು ಕೊಡುವುದಿದೆಯಾ ಅಂತ ಕೇಳಿ ಅಂದೆ.